ಮಾದು ಗೌಡರ ಅರ್ಜಿ

ಹಿಲ್ಲೂರಿನ ಮಾದು ಗೌಡರ ಅಜ್ಜ ಬೀರ ಗೌಡ ಬ್ರಿಟಿಷರಿಗೆ ಕರ ಕೊಡದೆ ಜೈಲಿನ ಗಂಜಿ ಉಂಡವರು. ಅಪ್ಪ ಹಮ್ಮು ಗೌಡ ಉಳುವವನೇ ಒಡೆಯನೆಂಬ ಕಾನೂನು ಬಂದಾಗ ಜಮೀನ್ದಾರನ ಎದುರೇ ನಿಂತು ಸಾಕ್ಷಿ ನುಡಿದವರು. ಬಗ್ಗುವ ಬೆನ್ನು ಆ ಮನೆತನದಲ್ಲಿ ಹುಟ್ಟಿಲ್ಲ.

ಮಾದು ಗೌಡರದ್ದು ಕಾಡಂಚಿನ ಅರ್ಧ ಎಕರೆ. ನಲವತ್ತು ವರ್ಷ ಉತ್ತರೂ ಹಕ್ಕುಪತ್ರ ಸಿಕ್ಕಿಲ್ಲ. ಈ ಸಲದ ಲೋಕಸಭಾ ಚುನಾವಣೆಯಲ್ಲಿ ಸುಧಾರಣೆಯ ಮೈತ್ರಿಕೂಟ ಅದನ್ನು ಕೊಡುತ್ತೇವೆಂದಿತ್ತು. ಮತ ಹಾಕಲು ಪಕ್ಷದ ಗಾಡಿ ಹತ್ತಬಾರದೆಂಬುದು ಆ ಮನೆಯ ಕಟ್ಟಳೆ. ಗೌಡರು ಕಂಬಳಿ ಹೆಗಲಿಗೇರಿಸಿ ನಡೆದೇ ಹೋಗಿ ಆ ಕೂಟಕ್ಕೇ ಮತ ಒತ್ತಿ ಬಂದರು.

ದಿಲ್ಲಿಯಲ್ಲಿ ಕೂಟ ಗೆದ್ದ ಮರುದಿನ ಅದರ ಕಾರ್ಯಕರ್ತ ಹರೀಶ ಕಾರು ತಂದ.

"ಅಜ್ಜಾ, ಗೆದ್ದೇ ಬಿಟ್ರು! ಹಕ್ಕುಪತ್ರದ ಅರ್ಜಿ ಹಿಡ್ಕಂಡು ಕೂತ್ಕ. ಅಂಕೋಲೆಗೆ ಕರ್ಕಂಡು ಹೋಗಿ ತಹಶೀಲ್ದಾರ್ ಸಾಹೇಬ್ರ ಕೈಗೆ ನಾನೇ ಕೊಡ್ಸ್ತೆ. ನಿನ್ನ ಮೊಣಕಾಲಿಗೆ ಬಸ್ಸು ಆಗೂದಿಲ್ಲ."

ಗೌಡರು ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನ ದಾರಿ ಹಿಡಿದರು.

"ಬ್ಯಾಡ ತಮಾ. ಇಂದು ನಿನ್ನ ಕಾರಲ್ಲಿ ಕೂತ್ರೆ, ನಾಳೆ ನಿಮ್ಮವ್ರು ಮಾತು ತಪ್ಪಿದಾಗ ಬೈಯೂಕೆ ನಂಗೆ ಬಾಯಿ ಬರೂದಿಲ್ಲ. ನನ್ನ ಅರ್ಜಿ ನಾನೇ ಕೊಡ್ತೆ."