ಸಪ್ಪನ್ನದ ದೊಡ್ಡಸ್ತಿಕೆ

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ರಕ್ತದೊತ್ತಡ ಇದೆ ಎಂದು ಗೊತ್ತಾದಾಗ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಹೇಳಿಕೊಳ್ಳಲು ನಾಚಿಕೆಯಾಗುವ ಮಾತು, ಆದರೆ ನಿಜ. ಮಾನ್ವಿಯಲ್ಲಿ ಆಗ ಅದು ಅಕ್ಕಿ ಗಿರಣಿಯ ಮಾಲೀಕರಿಗೆ ಬರುವ ಕಾಯಿಲೆ. ನಾನು ಅಂಥದೊಂದು ಗಿರಣಿಯ ಗುಮಾಸ್ತ. ಮಾಲೀಕರ ಕಾಯಿಲೆ ಗುಮಾಸ್ತನಿಗೆ ಬಂದದ್ದು ಬಡ್ತಿಯ ಹಾಗೆ ಕಂಡಿತು.

ರಾಯಚೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟರಾಲ್ ಹೆಚ್ಚಿದೆ, ಸೋಡಿಯಂ, ಪೊಟ್ಯಾಸಿಯಂ ಸದ್ಯಕ್ಕೆ ಸರಿಯಿವೆ ಎಂದರು. ಮೂತ್ರಪಿಂಡದ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಒಂದು ಗ್ರಂಥಿ ಕೂತಿರುತ್ತದಂತೆ. ಅದರಿಂದ ಹೊರಡುವ ಹಾರ್ಮೋನು ಮೈಯಲ್ಲಿ ಎಷ್ಟು ಉಪ್ಪು ಉಳಿಯಬೇಕು, ಎಷ್ಟು ಹೊರಗೆ ಹೋಗಬೇಕು ಎಂದು ನೋಡಿಕೊಳ್ಳುತ್ತದಂತೆ. ಗಿರಣಿಯ ಬಾಗಿಲಲ್ಲಿ ಮೂಟೆಗಳ ಲೆಕ್ಕ ಇಡುವ ನನ್ನದೂ ಅದೇ ಕೆಲಸ. ದೇವದುರ್ಗದ ಬೀಗರ ಮನೆಯಲ್ಲಿ, ಗಬ್ಬೂರಿನ ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಇದನ್ನು ವಿವರಿಸಿದೆ. ಬಸ್ಸಿನಲ್ಲಿ ಒಬ್ಬ ಮುದುಕರು ಪೂರ್ತಿ ಕೇಳಿ, “ಅಷ್ಟೆಲ್ಲಾ ಒಳಗ ಇಟ್ಕೊಂಡು ಹ್ಯಾಂಗ ಅಡ್ಡಾಡ್ತೀಯೋ ಯಪ್ಪಾ” ಎಂದು ಎದ್ದು ಸೀಟು ಬಿಟ್ಟುಕೊಟ್ಟರು. ನಾನು ಕೂತೆ.

ಡಾಕ್ಟರು ನನಗೆ ಉಪ್ಪು ಬಿಡಿಸಿದ್ದರು. ನಮ್ಮ ಕಡೆ ಮನೆಯ ಯಜಮಾನ ಏನನ್ನಾದರೂ ಬಿಟ್ಟರೆ ಅದು ಪಥ್ಯವಾಗಿ ಉಳಿಯುವುದಿಲ್ಲ, ವ್ರತವಾಗುತ್ತದೆ. ಹೆಂಡತಿ ಶಾಂತಮ್ಮ ಬೇಳೆ, ಪಲ್ಯದಲ್ಲಿ ನನಗೆಂದು ಸ್ವಲ್ಪ ಸಪ್ಪಗೇ ಬೇರೆ ತೆಗೆದಿಟ್ಟು, ಅವ್ವನ ಪಾಲಿಗೂ ಮಕ್ಕಳ ಪಾಲಿಗೂ ಉಪ್ಪು ಹಾಕುತ್ತಿದ್ದಳು. ಎಲ್ಲರದೂ ಆದಮೇಲೆ ತಾನು ಉಣ್ಣುತ್ತಿದ್ದಳು. ಏನನ್ನು ಉಣ್ಣುತ್ತಿದ್ದಳೆಂದು ನಾನು ನೋಡಲಿಲ್ಲ. ನನ್ನ ನಾಲಿಗೆಯ ಗೋಳು ಹೇಳಿಕೊಳ್ಳುವುದರಲ್ಲೇ ನನ್ನ ಊಟ ಮುಗಿಯುತ್ತಿತ್ತು.

ಬೇಸಿಗೆ ಬಂತು. ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತ, ಬೆವರುತ್ತ, ಚರಿಗೆಗಟ್ಟಲೆ ನೀರು ಕುಡಿಯುತ್ತಿದ್ದ ಶಾಂತಮ್ಮ ಒಂದು ಮಧ್ಯಾಹ್ನ ಕುಸಿದಳು. ಹತ್ತಿರ ಹೋಗಿ ಕರೆದರೆ ಅವಳಿಗೆ ನನ್ನ ಗುರುತೇ ಹತ್ತಲಿಲ್ಲ. ಗಿರಣಿಯ ಜೀಪಿನಲ್ಲಿ ರಾಯಚೂರಿಗೆ ಒಯ್ದೆವು. ಅದೇ ಡಾಕ್ಟರು. ರಕ್ತದಲ್ಲಿ ಸೋಡಿಯಂ ತೀರಾ ಇಳಿದಿದೆ ಎಂದರು. ಉಳಿಯುತ್ತಾಳೆಯೇ ಎಂದು ಕೇಳಿದೆ. ಅವರು ಸಲೈನಿನ ಬಾಟಲಿಯನ್ನೇ ನೋಡುತ್ತಿದ್ದರು.

ಮರುದಿನ ಅವಳಿಗೆ ಪೂರ್ತಿ ಎಚ್ಚರವಾದಾಗ, ಏನು ಊಟ ಮಾಡುತ್ತೀರಿ ಎಂದು ಡಾಕ್ಟರು ವಿಚಾರಿಸಿದರು.

“ಅವ್ರು ಸಪ್ಪನ್ನ ಉಣ್ಣಾಕತ್ತಾರ್ರೀ,” ಎಂದಳು ಶಾಂತಮ್ಮ. “ನನ್ನ ಬಾಯಿಗೆ ಉಪ್ಪು ಹ್ಯಾಂಗ ಇಳೀತದ?”

ಡಾಕ್ಟರು ನನ್ನ ಕಡೆ ತಿರುಗಿದರು. “ಇವ್ರಿಗೆ ಬಿ.ಪಿ. ಇಲ್ರೀ. ಒಂದ ಮನ್ಯಾಗ ಇದ್ದು ನೀವು ನೋಡ್ಲಿಲ್ಲೇನು?”

ನನ್ನ ರಕ್ತದೊಳಗಿನ ಲವಣಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲ ನಾನು, ಅವಳ ಗಂಜಿಗೆ ಎಷ್ಟು ಉಪ್ಪು ಹಾಕಿಸಬೇಕೆಂದು ಅವರನ್ನೇ ಕೇಳಿದೆ.

ಸಂಜೆ ಉಪ್ಪು ಹಾಕಿಸಿದ ಗಂಜಿ ತಂದುಕೊಟ್ಟೆ. ಶಾಂತಮ್ಮ ಬಟ್ಟಲು ಹಿಡಿದುಕೊಂಡು ಉಣ್ಣದೆ ಕೂತಳು. ಗಂಜಿ ಆರುತ್ತಿತ್ತು. ಕೊನೆಗೆ, “ನೀವು ಅತ್ತಾಗ ತಿರುಗ್ರಿ, ನಿಮ್ಮೆದುರು ಉಣ್ಣಾಕ ನಾಚಿಕಿ ಬರ್ತದ,” ಎಂದಳು.

ನಾನು ಗೋಡೆಯ ಕಡೆ ಮುಖ ಮಾಡಿದೆ. ಅವಳು ಉಣ್ಣುವಾಗ ನೋಡದಿರುವುದು ನನಗೆ ಹೊಸದೇನಲ್ಲ. ಹಾಗೆ ಕೂರುವುದು ಕಷ್ಟವೆನಿಸಿದ್ದು ಮಾತ್ರ ಅದೇ ಮೊದಲು.