ಎರಡು ಬೀಪ್‌ಗಳ ನಡುವೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಗೆಳೆಯನಿಗೆ ಸಿಟ್ಟೆಂದರೇನೆಂದೇ ಗೊತ್ತಿರಲಿಲ್ಲ. ನಮ್ಮ ಗೆಳೆತನ ಬಾಳಿದ್ದು ಅದರಿಂದಲೇ ಇರಬೇಕು. ಚನ್ನಪಟ್ಟಣದಲ್ಲಿ ರೈಲು ಹತ್ತಿ ಇಬ್ಬರೂ ರಾಮನಗರಕ್ಕೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದೆವು. ನಾನು ಪಾಸ್ಕಲ್ ಭಾಷೆಗೆ ಅಂಟಿಕೊಂಡೆ, ಅವನು ಸಿ ಭಾಷೆಯ ಬೆನ್ನು ಹತ್ತಿದ.

ಅವನ ಮನೆಯಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ. ನೂಲಿನ ಲಡಿಗಳನ್ನು ತೂಗುವುದು ಅವನ ತಾಯಿಯ ಪಾಲಿಗಿತ್ತು. ಅವನಂತೆ ನಾನೂ ಅವರನ್ನು ಅಮ್ಮಿ ಎನ್ನುತ್ತಿದ್ದೆ. ವಯಸ್ಸಾಗಿ ಅವರ ಕಣ್ಣು ಮಂಜಾಗಿತ್ತು, ತಕ್ಕಡಿಯ ಅಂಕಿ ಕಾಣುತ್ತಿರಲಿಲ್ಲ. ಆ ಕೆಲಸವೂ ಕೈತಪ್ಪಿದರೆ ಮೂಲೆ ಸೇರಬೇಕಲ್ಲ ಎಂಬ ಅಂಜಿಕೆ ಅವರಿಗೆ.

ಹಾಗಾಗಿ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿದೆವು. ಪರದೆ, ಚೀಟಿ ಮುದ್ರಣ ನನ್ನ ಪಾಸ್ಕಲ್‌ನಲ್ಲಿ. ತಕ್ಕಡಿಯಿಂದ ತೂಕ ಓದುವ ಭಾಗ ಅವನ ಸಿಯಲ್ಲಿ. ಅಮ್ಮಿ ಲಡಿ ಇಟ್ಟು ಕೀಲಿ ಒತ್ತಿದರೆ ನನ್ನ ಪ್ರೋಗ್ರಾಂ ಅವನದನ್ನು ಕೆಲಸಕ್ಕೆ ಕರೆಯಬೇಕು. ಕರೆಯುವಾಗ ಎರಡು ಅಂಕಿ ಕೊಡಬೇಕು: ಇದು ಎಷ್ಟನೇ ಲಡಿ, ತೂಕವನ್ನು ಎಷ್ಟು ಸಲ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಅವನದು ಒಂದು ಬೀಪ್ ಮಾಡಿ, ತಕ್ಕಡಿ ನೆಲೆ ನಿಲ್ಲುವವರೆಗೆ ಕಾದು, ಇನ್ನೊಂದು ಬೀಪ್ ಮಾಡಿ ತೂಕ ತಂದುಕೊಡುತ್ತದೆ. ಎರಡನೇ ಬೀಪ್ ಕೇಳಿದ ಮೇಲೆ ಅಮ್ಮಿ ಲಡಿ ಎತ್ತಬಹುದು.

ಮೊದಲ ದಿನ ಪರೀಕ್ಷೆಗೆಂದು ಒಂದು ಲಡಿ ಇಟ್ಟು, ಇದು ನಲವತ್ತನೆಯದು, ಮೂರು ಸಲ ನೋಡು ಎಂದು ಹೇಳಿದೆವು. ಒಂದು ಬೀಪ್ ಬಂತು. ಆಮೇಲೆ ಸದ್ದೇ ಇಲ್ಲ.

"ಇದೇನು, ನಿದ್ದೆ ಹೋಯ್ತಾ?" ಎಂದರು ಅಮ್ಮಿ.

ಅಂಕಿಗಳು ಅದಲುಬದಲಾಗಿದ್ದವು. ಮೂರನೇ ಲಡಿಯೆಂದುಕೊಂಡು ಅವನ ಭಾಗ ನಲವತ್ತು ಸಲ ತೂಕ ನೋಡುತ್ತ ಕೂತಿತ್ತು. ನಾನು ರೇಗಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿನ್ ಭಾಷೆ ಕನ್ನಡದಂಗೆ ಎಡಗಡೆಯಿಂದ ಕೊಡ್ತೈತೆ ಕಣ್ಲಾ. ನಂದು ಉರ್ದು ಥರ ಬಲಗಡೆಯಿಂದ ಶುರು. ಬುಡು, ನಾನೇ ತಿರುಗುಸ್ಕತೀನಿ."

ಅಂಕಿಗಳನ್ನು ಎಡಗಡೆಯಿಂದಲೇ ತೆಗೆದುಕೊ ಎನ್ನುವ ಒಂದೇ ಒಂದು ಪದವನ್ನು ತನ್ನ ಭಾಗದಲ್ಲಿ ಸೇರಿಸಿದ, ಸರಿಹೋಯಿತು. ನನ್ನ ಕಡೆ ಒಂದಕ್ಷರವನ್ನೂ ಬದಲಾಯಿಸಬೇಕಾಗಲಿಲ್ಲ. ಯಾವ ವಿಷಯದಲ್ಲೂ ಅವನು ಹಾಗೆಯೇ.

ಅವನಿಗೆ ಚಿಕ್ಕಂದಿನಿಂದಲೂ ದಮ್ಮು. ಒಂದು ಚಳಿಗಾಲ ಅದು ಅವನನ್ನು ಉಳಿಸಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ನಾನು ಅಳಲಿಲ್ಲ, ಸಿಟ್ಟಿನಲ್ಲೇ ಇದ್ದೆ. ಯಾರ ಮೇಲೆಂದು ನನಗೇ ಗೊತ್ತಿರಲಿಲ್ಲ. ಕೆಲವು ವಾರಗಳ ನಂತರ ಅಮ್ಮಿ ಮತ್ತೆ ತಕ್ಕಡಿಯ ಮುಂದೆ ಕೂತರು. ಮೊದಲ ಬೀಪ್ ಬಂದೊಡನೆ ಕೈಯನ್ನು ಮಡಿಲಲ್ಲಿಟ್ಟು, ಎರಡನೆಯದು ಬರುವವರೆಗೆ ತಲೆ ಓರೆ ಮಾಡಿ ಕೇಳುತ್ತಿದ್ದರು. ಅದನ್ನು ನೋಡುತ್ತ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ.

ವರ್ಷಗಳಾದ ಮೇಲೆ ಆ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ನಮ್ಮ ಹಳೆಯ ಪ್ರೋಗ್ರಾಂ ನಡೆಯಲಿಲ್ಲ. ಅವನು ಬರೆದ ಸಾಲುಗಳಿದ್ದ ಫ್ಲಾಪಿ ಬೂಸ್ಟು ಹಿಡಿದಿತ್ತು. ಅದನ್ನು ಒರೆಸಿ, ಉಜ್ಜಿ, ಬೈದು ಎಲ್ಲ ಮಾಡಿದೆ. ಒಂದು ಸಾಲೂ ಸಿಗಲಿಲ್ಲ. ಕೊನೆಗೆ ಎಲ್ಲವನ್ನೂ ಒಂದೇ ಭಾಷೆಯಲ್ಲಿ ಹೊಸದಾಗಿ ನಾನೇ ಬರೆದೆ. ಕರೆಯಲು ಇನ್ನೊಬ್ಬರ ಭಾಗವೇ ಉಳಿದಿರಲಿಲ್ಲ. ಅಮ್ಮಿಗೆಂದು ಎರಡು ಬೀಪ್ ಮಾತ್ರ ಮರೆಯದೆ ಸೇರಿಸಿದೆ.

ಅಮ್ಮಿ ಲಡಿ ಇಟ್ಟು ಕೀಲಿ ಒತ್ತಿದರು. ಬೀಪ್, ಬೀಪ್. ಹೊಸ ಯಂತ್ರ ಚುರುಕು. ಅವರ ಕೈ ಇನ್ನೂ ಮಡಿಲಿಗೆ ಹೋಗಿರಲಿಲ್ಲ, ಅರ್ಧದಲ್ಲೇ ನಿಂತಿತು.

"ಚೆನ್ನಾಗೈತೆ ಬೇಟಾ," ಎಂದರು. ಲಡಿಯನ್ನು ಸವರುತ್ತ, "ಅವನು ಒಸಿ ತಡ ಮಾಡೋನು," ಎಂದರು.

"ತಡ ಮಾಡ್ಸ್ತೀನಿ ಅಮ್ಮಿ, ಒಂದು ಸಾಲು ಬರೆದ್ರೆ ಆಯ್ತದೆ," ಎಂದು ಕೀಲಿಮಣೆ ಎಳೆದುಕೊಂಡೆ. ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

ಅವರು ತಡವಿಕೊಂಡು ಬಂದು ನನ್ನ ಕೈ ಹಿಡಿದರು.

"ಬ್ಯಾಡ ಬುಡು. ಅದು ನೀನು ಮಾಡ್ಸಿದ್ದಾಯ್ತದೆ, ಅವನದಾಗಕಿಲ್ಲ."

ನಂತರ ಲಡಿ ಎತ್ತಿಟ್ಟು, ಇನ್ನೊಂದನ್ನು ತಕ್ಕಡಿಯ ಮೇಲಿಟ್ಟರು.