ಬಾಯಿಗೆ ನಾಲ್ಕು ಬೆರಳು ದೂರ

ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತವರ ಮುಖ ನೋಡುವ ಮೊದಲು, ಅವರ ಭುಜ ಎಷ್ಟು ಎತ್ತಿದೆ ಎಂದು ನೋಡುವ ಕೆಟ್ಟ ಚಟ ನನಗಿದೆ. ಪುಣೆಯ ಕೋಥರೂಡದಲ್ಲಿ ಇಪ್ಪತ್ತೆರಡು ವರ್ಷ ಫಿಜಿಯೋಥೆರಪಿ ಮಾಡಿದ ಫಲ. ಯಾರ ಕೀಲು ಎಷ್ಟು ಬಾಗುತ್ತದೆ ಎಂದು ಅಳೆದು ಬರೆದಿಡುವುದು ನನ್ನ ಕಸುಬು. ಈಗ ಮೊಬೈಲ್ ಹಿಡಿದರೆ ಅದೇ ಡಿಗ್ರಿ ಹೇಳುತ್ತದೆ. ಆಗ ನನ್ನ ಬಳಿ ಇದ್ದದ್ದು ಎರಡು ಪಟ್ಟಿಗಳ ಪ್ಲಾಸ್ಟಿಕ್ ಕೋನಮಾಪಕ. ಹಳೆಯ ಡ್ರಾಯರಿನಲ್ಲಿ ಅದು ಕಂಡಾಗಲೆಲ್ಲ ಮಲ್ಲಪ್ಪನವರು ನೆನಪಾಗುತ್ತಾರೆ.

ವಿಜಯಪುರದ ಕಡೆಯವರು, ಪುಣೆಯಲ್ಲಿ ಸೀರೆ ಅಂಗಡಿ. ಮೆಟ್ಟಿಲಿಂದ ಜಾರಿ ಬಲಗೈ ಮೊಳಕೈ ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಕೀಲು ಬಿಗಿದುಹೋಗಿತ್ತು. ತುತ್ತು ಹಿಡಿದ ಕೈ ಬಾಯಿಗೆ ಮುಟ್ಟುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಲು ಒಪ್ಪದ ಅವರಿಗೆ ಹೆಂಡತಿ ಗಂಗವ್ವ ಉಣಿಸುತ್ತಿದ್ದರು. ಅಷ್ಟರಲ್ಲಿ ಬಾರಾಮತಿಯಲ್ಲಿ ತಮ್ಮನ ಮಗಳ ಮದುವೆ ಗೊತ್ತಾಯಿತು.

"ನಾಲ್ಕು ಮಂದ್ಯಾಗ ಹೆಂಡ್ತಿ ಕೈಲೆ ಉಣ್ಣಲೇನ್ರಿ? ನಾ ಹೋಗೂದಿಲ್ಲ" ಎಂದು ಕೂತುಬಿಟ್ಟರು. ಕೂಸಿದ್ದಾಗಿನಿಂದ ಎತ್ತಿ ಆಡಿಸಿದ ಹುಡುಗಿ ಅದು.

ವಾರಕ್ಕೆ ಮೂರು ಸಲ ಬರುತ್ತಿದ್ದರು. ನಾನು ನೂರಾ ಹತ್ತು ಡಿಗ್ರಿ ಎಂದರೆ, "ಇನ್ನೊಂದೈದು ಹಚ್ಚಿ ಬರೀರಿ ಡಾಕ್ಟರಬಾಯಿ" ಎಂದು ಚೌಕಾಸಿ. ನೋವಿಗೆ ಕಣ್ಣಲ್ಲಿ ನೀರು ಬಂದರೂ ಚೌಕಾಸಿ ಬಿಡಲಿಲ್ಲ.

ಮದುವೆಯ ಹಿಂದಿನ ದಿನ ಅಳೆದೆ. ನೂರಾ ಹದಿನೆಂಟು. ಸಾಲದು; ತುತ್ತು ಬಾಯಿಗೆ ಮುಟ್ಟಲು ನೂರಾ ಮೂವತ್ತಾದರೂ ಬೇಕು. ಸುಳ್ಳು ಬರೆಯಲಾರದೆ, ನಿಜ ಹೇಳಲಾರದೆ ನಾನು ಪೆನ್ನು ಹುಡುಕುವ ನಾಟಕ ಮಾಡಿದೆ. ಗಂಗವ್ವ ಚೀಲದಿಂದ ಡಬ್ಬಿ ತೆಗೆದು ಶೇಂಗಾ ಹೋಳಿಗೆಯ ಚೂರೊಂದನ್ನು ಗಂಡನ ಕೈಗಿಟ್ಟರು. ಕೈ ಮೇಲೇರಿತು, ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಮಲ್ಲಪ್ಪನವರು ಕುತ್ತಿಗೆ ಬಗ್ಗಿಸಿ ಹೋಳಿಗೆಯನ್ನು ಬಾಯಲ್ಲಿ ಹಿಡಿದೇಬಿಟ್ಟರು.

"ಕುತ್ತಿಗೆ ಬಗ್ಗಸ್ಬಾರದ್ರಿ!" ಎಂದೆ, ಅಭ್ಯಾಸಬಲದಿಂದ.

"ಬಾಯಾಗ ಹೋತಲ್ರಿ" ಎಂದರು ಗಂಗವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಮಲ್ಲಪ್ಪನವರು ಮದುವೆಗೆ ಹೋದರು. ಮುಂದಿನ ವಾರ ಬಂದಾಗ, ಊಟ ಹೇಗಾಯಿತು ಎಂದು ಕೇಳಿದೆ.

"ಭಾಳ ಛಲೋ ಆತ್ರಿ. ಬಾಜೂಕ ಕೂತಿದ್ದ ಬೀಗರು ಕೇಳಿದ್ರು, ಯಾಕ ತುತ್ತಿಗೊಮ್ಮೆ ತಲಿ ಬಗ್ಗಸ್ತೀರಿ ಅಂತ. ಉಣ್ಣೂ ಅನ್ನಕ್ಕ ನಮಸ್ಕಾರ ಮಾಡಬೇಕ್ರಿ, ನಮ್ಮ ಮನ್ಯಾಗ ಹಂಗ ರೂಢಿ ಅಂದೆ." ನಕ್ಕರು. "ಅವರೂ ಬಗ್ಗಸಾಕ ಹತ್ತಿದ್ರು!"